ಒದ್ದೆ ತಲೆಯಲ್ಲಿ ಬಂದವರು

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಬಾಣಂತಿ ಇದ್ದಾಳೆಂದರೆ, ನೋಡಲು ಹೋದ ನಾನು ಎಲ್ಲರ ಹಾಗೆ ಕೂಸಿನ ಮುಖ ಮೊದಲು ನೋಡುವುದಿಲ್ಲ. ಹೊದಿಸಿದ ಬಟ್ಟೆಯ ತುದಿ ಸರಿಸಿ ಪಾದ ಮುಟ್ಟುತ್ತೇನೆ. ಮೂಗು ಅಪ್ಪನದೋ ಅಜ್ಜನದೋ ಎಂದು ಉಳಿದವರು ವಾದ ಮಾಡುತ್ತಿರುವಾಗ ನನ್ನ ಎರಡು ಬೆರಳು ಆ ಪುಟ್ಟ ಅಂಗಾಲಿನ ಮೇಲಿರುತ್ತವೆ. ಬೆಚ್ಚಗಿದೆ ಎಂದು ಗೊತ್ತಾದ ಮೇಲೆಯೇ ನನಗೂ ಮೂಗು, ಕಿವಿ, ಬಣ್ಣ ಕಾಣಿಸತೊಡಗುತ್ತವೆ.

"ಈಕಿ ಬಂದ್ಲಂದ್ರ ಕೂಸಿನ ಕಾಲ ಹಿಡೀತಾಳ ನೋಡ, ಆಶೀರ್ವಾದ ತಗೊಳ್ಳಾಕ," ಎಂದು ಹೆಂಗಸರು ನಗುತ್ತಾರೆ. ನಾನೂ ನಗುತ್ತೇನೆ.

ಹೋದ ತಿಂಗಳು ಹಿಂದಿನ ಮನೆಯ ಹುಡುಗಿ, ಚೊಚ್ಚಲ ಬಾಣಂತಿ, ನನ್ನ ಕೈ ಹಿಡಿದುಕೊಂಡು, "ಅಕ್ಕಾರ, ನನಗ ಇಷ್ಟ ಅಂಜಿಕಿ ಯಾಕ ಬರ್ತೈತ್ರಿ? ಎಲ್ಲಾರಿಗೂ ಹಿಂಗ ಆಗತೈತೇನ್ರಿ?" ಎಂದು ಕೇಳಿದಳು. ಉತ್ತರ ಶುರು ಮಾಡುವಷ್ಟರಲ್ಲಿ ಅವಳ ಅತ್ತೆ ಚಹಾ ಹಿಡಿದು ಒಳಗೆ ಬಂದರು, ಮಾತು ಹವೆಯ ಕಡೆಗೆ ಹೊರಳಿತು. ಅವಳಿಗೆ ಹೇಳಬೇಕೆಂದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ರಾಣೆಬೆನ್ನೂರು. ಅಪ್ಪನದು ಬೀಜದ ಅಂಗಡಿ. ನನ್ನನ್ನು ಕೊಟ್ಟದ್ದು ಬ್ಯಾಡಗಿಗೆ, ಮೆಣಸಿನಕಾಯಿ ದಲಾಲಿ ಮಾಡುವವರ ಮನೆಗೆ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಲ್ಲಿಯ ಸಿಸ್ಟರುಗಳು ಮೆಲ್ಲಗೆ ಮಾತಾಡಲು ಕಲಿಸಿದ್ದರು. ಹಗಲೆಲ್ಲ ಪೇಟೆಯಲ್ಲಿ ಕೂಗಿ ಕೂಗಿ ಅಭ್ಯಾಸವಾದ ಅತ್ತೆಯ ಮನೆಯವರಿಗೆ ಅದೊಂದು ತಮಾಷೆ. "ಯವ್ವಾ ಶೈಲಾ, ಸ್ವಲ್ಪ ಜೋರ ಮಾತಾಡ. ನಿನ್ನ ಮಾತ ಮುಗಿಯೂದ್ರಾಗ ಸಾರ ಆರತೈತಿ," ಎನ್ನುತ್ತಿದ್ದರು ಅತ್ತೆ. ಗಂಡ ಮಹಾಂತೇಶ ಸುಗ್ಗಿಯ ದಿನಗಳಲ್ಲಿ ಮನೆಗೆ ಬರುವುದು ನನಗೆ ಸೀನಿನಿಂದ ತಿಳಿಯುತ್ತಿತ್ತು. ಕಾಲರಿನ ಮಡಿಕೆಯಲ್ಲಿ, ಹುಬ್ಬಿನಲ್ಲಿ, ಕೈಗಡಿಯಾರದ ಪಟ್ಟಿಯ ಕೆಳಗೆ ಮೆಣಸಿನಕಾಯಿಯ ಕೆಂಪು ಪುಡಿ. ಅವರು ಹೊಸ್ತಿಲು ದಾಟುವ ಮೊದಲೇ ಘಾಟು ದಾಟುತ್ತಿತ್ತು. ನಾನು ಸೀನಿದರೆ ಅವರು ಹೊರಗಿನಿಂದಲೇ, "ಬಂದೇನಿ, ಬಂದೇನಿ" ಎನ್ನುತ್ತಿದ್ದರು.

ಚೊಚ್ಚಲ ಹೆರಿಗೆ ತವರಿನಲ್ಲಿ. ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದಾಗ, ರಾಣೆಬೆನ್ನೂರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಮಗ ಹುಟ್ಟಿದ. ನೀರು ಒಡೆದು ಬಹಳ ಹೊತ್ತಾದ ಮೇಲೆ ಹುಟ್ಟಿದ, ಅಷ್ಟೇ. ಅಳುತ್ತಲೇ ಬಂದ, ಕೆಂಪಗಿದ್ದ, ಎಲ್ಲರೂ ಪೇಢೆ ತಿಂದರು. ನಮ್ಮನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಅವ್ವ ಬಾಣಂತಿಯ ಕೋಣೆ ಸಿದ್ಧ ಮಾಡಿ ಇಟ್ಟಿದ್ದಳು. ಕಿಟಕಿಗೆ ಗೋಣಿತಟ್ಟು, ಮಲಗಲು ನೂಲಿನ ಹೊರಸು, ಹೊರಸಿನ ಕೆಳಗೆ ಬೋಗುಣಿಯಲ್ಲಿ ಕೆಂಡ. ನಮ್ಮ ಕಡೆ ಬಾಣಂತಿಯನ್ನೂ ಕೂಸನ್ನೂ ಹಾಗೆ ಕಾಯಿಸುತ್ತಾರೆ. ಮೈ ಗಟ್ಟಿಯಾಗುತ್ತದೆ, ಗಾಳಿ ಸೇರುವುದಿಲ್ಲ ಎಂದು ನಂಬಿಕೆ. ಕಿವಿಗೆ ಅರಳೆ, ತಲೆಗೆ ಸುತ್ತಿದ ಬಟ್ಟೆ, ಲೋಬಾನದ ಹೊಗೆ. ಅವ್ವ ಕೆಂಡದ ಮೇಲಿನ ಬೂದಿಯನ್ನು ಸಣ್ಣ ಕಡ್ಡಿಯಿಂದ ಕೆದಕಿ ಕೆಂಪು ಕಾಣುವಂತೆ ಮಾಡುತ್ತಿದ್ದ ಸದ್ದು ನನಗೆ ಹಿತವಾಗಿತ್ತು. ಅಲ್ಲಿ ಮಲಗಿದ್ದಷ್ಟು ದಿನ ಲೋಕದಲ್ಲಿ ಯಾರೂ ನಮ್ಮನ್ನು ಮುಟ್ಟಲಾರರು ಎನಿಸುತ್ತಿತ್ತು.

ಮೊಲೆ ಬಿಗಿದುಕೊಂಡು ಹಾಲು ಇಳಿಯತೊಡಗಿದ ಹೊತ್ತಿಗೇ ನನಗೆ ಮೈ ಕಾದಿತು. ನೋಡಲು ಬಂದ ಹೆಂಗಸರು, "ಹಾಲಿನ ಜ್ವರ, ಎಲ್ಲಾರಿಗೂ ಬರ್ತಾವ" ಎಂದರು. ಚಳಿ ಬಂದು ಹಲ್ಲು ಕಟಕಟ ಎಂದಾಗ ಅವ್ವ ಇನ್ನೊಂದು ಬೋಗುಣಿ ಕೆಂಡ ತಂದಳು. ಕಾದ ಕೋಣೆಯಲ್ಲಿ ಕಾದ ಮೈ ಯಾರಿಗೆ ಬೇರೆಯಾಗಿ ಕಂಡೀತು?

ಕೂಸು ಮಾತ್ರ ಬಹಳ ಶಾಂತ. ಮೊದಲೆರಡು ದಿನ ಎಳೆದೆಳೆದು ಕುಡಿದವನು ಆಮೇಲೆ ಬಾಯಲ್ಲಿ ಮೊಲೆ ಇಟ್ಟುಕೊಂಡು ಹಾಗೇ ನಿದ್ದೆ ಹೋಗುತ್ತಿದ್ದ. ಹಾಲು ತುಟಿಯ ಅಂಚಿನಿಂದ ಇಳಿದು ಕತ್ತಿನ ಮಡಿಕೆಗೆ ಸೇರುತ್ತಿತ್ತು, ನಾನು ಒರೆಸುತ್ತಿದ್ದೆ. "ಎಷ್ಟ ಶ್ಯಾಣ್ಯಾ ಕೂಸವ್ವಾ, ಒಂದ ಸಲ ಚಿಟ್ಟನ ಚೀರಿಲ್ಲ ನೋಡ," ಎಂದಳು ಸೋದರತ್ತೆ. "ಕಣ್ಣ ಮುಚ್ಚಿ ಹೆಂಗ ಕುಂತಾನ, ಮಠದ ಸ್ವಾಮ್ಯಾರ ಹಂಗ!" ಎಲ್ಲರೂ ನಕ್ಕರು. ನನಗೂ ಹೆಮ್ಮೆಯೆನಿಸಿತು.

ಐದನೇ ದಿನ ಶೆಟವಿಯ ಪೂಜೆ. ಕೂಸಿನ ಹಣೆಬರಹ ಬರೆಯಲು ಶೆಟವಿ ತಾಯಿ ಅಂದು ಬರುತ್ತಾಳೆಂದು ನಮ್ಮಲ್ಲಿ ಆಕೆಯನ್ನು ಕೂಡಿಸಿ ಪೂಜೆ ಮಾಡುತ್ತಾರೆ. ಅದಕ್ಕಾಗಿ ಹೊರಸು ಎತ್ತಿ ಗೋಡೆಗೆ ಆನಿಸಿದರು. ಕೆಂಡದ ಬೋಗುಣಿಗಳು ಹಿತ್ತಲಿಗೆ ಹೋದವು. ನೆಲ ತೊಳೆದರು. ನನಗೂ ಕೂಸಿಗೂ ಎರೆದರು. ನನ್ನನ್ನು ಮಣೆಯ ಮೇಲೆ ಕೂಡಿಸಿ, ಪಕ್ಕದಲ್ಲಿ ಹೊಸ ಮೊರದೊಳಗೆ ಮೆತ್ತನೆ ಸೀರೆ ಹಾಸಿ ಅವನನ್ನು ಮಲಗಿಸಿದರು. ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದ ಮೊದಲ ಸಲ ಕೆಂಡವಿಲ್ಲದ ಜಾಗದಲ್ಲಿ ಅಷ್ಟು ಹೊತ್ತು ಇದ್ದೆವು ನಾವಿಬ್ಬರೂ.

ಅವ್ವ ದೀಪ ಹಚ್ಚಿ ಕುಂಕುಮ ಏರಿಸುತ್ತಿದ್ದಳು. ಮೊರದಿಂದ ಸೀರೆಯ ಅಂಚು ಜಾರಿತ್ತು. ಅದನ್ನು ಸರಿಪಡಿಸುವಾಗ ನನ್ನ ಬೆರಳಿಗೆ ಅವನ ಪಾದ ತಗುಲಿತು.

ತಣ್ಣಗಿತ್ತು. ಬೆಳಗಿನ ಹೊತ್ತು ನೀರು ತುಂಬಿದ ಹಿತ್ತಾಳೆಯ ಕೊಡವನ್ನು ಹೊರಗಿನಿಂದ ಮುಟ್ಟಿದ ಹಾಗೆ. ಇನ್ನೊಂದು ಪಾದ ಹಿಡಿದೆ. ಅದೂ ಹಾಗೇ. ಅಂಗಾಲನ್ನು ಉಗುರಿನಿಂದ ಕೆರೆದೆ. ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅವ್ವಾ, ಕೂಸಿನ ಕಾಲು ತಣ್ಣಗದಾವ," ಎಂದೆ.

"ಈಗರ ಎರದೇವಿ, ಹಸಿ ಮೈ. ಬೆಂಕಿ ಹಾಕಿದ ಮ್ಯಾಲ ಬೆಚ್ಚಗ ಆಗ್ತಾವ," ಎಂದಳು ಅವ್ವ, ಕುಂಕುಮದ ಕೈ ನಿಲ್ಲಿಸದೆ.

"ಇಲ್ಲವ್ವಾ. ಬ್ಯಾರೆ ಥರಾ ತಣ್ಣಗದಾವ."

"ನಿನ್ನ ಕೈ ಸುಡಾಕತ್ತಾವ ಶೈಲಾ. ಜ್ವರದ ಕೈಗೆ ಎಲ್ಲಾ ತಣ್ಣಗ ಹತ್ತತೈತಿ."

ಅದೂ ಖರೆಯೇ. ನನ್ನ ಮಾತನ್ನು ನಾನೇ ನಂಬದಂತಾಯಿತು. ಆದರೂ ಮೊರವನ್ನು ಎರಡೂ ಕೈಯಿಂದ ಎತ್ತಿ ಅವ್ವನ ಮುಂದೆ ಹಿಡಿದೆ. ಪೂಜೆಯ ಮೊರ ಹಾಗೆ ಎತ್ತಬಾರದು ಎಂದು ಯಾರೋ ಅಂದರು. ಅವ್ವ ಬೇಸರದಿಂದಲೇ ಬಗ್ಗಿ ತನ್ನ ಕೆನ್ನೆಯನ್ನು ಅವನ ಪಾದಕ್ಕೆ ಹಚ್ಚಿದಳು. ಅವ್ವನ ಮುಖ ನನ್ನ ಮುಖಕ್ಕೆ ಬಹಳ ಹತ್ತಿರವಿತ್ತು. ಆ ಮುಖದಲ್ಲಿ ಮೊದಲು ಹೋದದ್ದು ಬೇಸರ, ಆಮೇಲೆ ಬಣ್ಣ.

"ರೀ, ಜೀಪ ತಗೀರಿ," ಎಂದು ಅಪ್ಪನಿಗೆ ಕೂಗಿದಳು. ದೀಪ ಉರಿಯುತ್ತಲೇ ಇತ್ತು. ಯಾರೂ ಆರತಿ ಎತ್ತಲಿಲ್ಲ.

ರಾಣೆಬೆನ್ನೂರಿನ ಡಾಕ್ಟರು ಕೂಸಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಸಣ್ಣ ಎದೆಯಲ್ಲಿ ಅಷ್ಟು ಹೊತ್ತು ಕೇಳುವಂಥದ್ದು ಏನಿದೆ ಎಂದು ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಆಮೇಲೆ ಅವರು ಹಾವೇರಿಗೆ ಫೋನ್ ಮಾಡಿದರು. ಅಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಖಾಲಿ ಇದೆ, ಕೂಡಲೇ ಹೊರಡಿ ಎಂದರು. ಆಗ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಒಂದಿಷ್ಟು ದೂರ ಹೊಸ ರಸ್ತೆ, ಮತ್ತೆ ಕಲ್ಲು ಸುರಿದ ಅಡ್ಡದಾರಿ. ಜೀಪು ಕುಣಿದಾಗಲೆಲ್ಲ ಅಪ್ಪ "ಶಿವಾ" ಎನ್ನುತ್ತಿದ್ದರು. ಅವ್ವ ಕೂಸಿನ ಪಾದಗಳನ್ನು ತನ್ನ ಕುಪ್ಪಸದೊಳಗೆ ಇಟ್ಟುಕೊಂಡು ಕೂತಿದ್ದಳು. ಹಾವೇರಿ ಬರುವವರೆಗೆ ನಾನು ಅವನ ಮೂಗಿನ ಕೆಳಗೆ ಬೆರಳು ಹಿಡಿದಿದ್ದೆ. ದಾರಿಯಲ್ಲಿ ಕಿಟಕಿಯಿಂದ ಗಾಳಿ ಬರುತ್ತಿತ್ತು. ಬೆರಳಿಗೆ ತಾಗುತ್ತಿರುವುದು ಅವನ ಉಸಿರೋ ದಾರಿಯ ಗಾಳಿಯೋ ತಿಳಿಯುತ್ತಿರಲಿಲ್ಲ.

ಮಕ್ಕಳ ಡಾಕ್ಟರು ವಯಸ್ಸಾದವರು. ಕೂಸನ್ನು ನಮ್ಮ ಕೈಯಿಂದ ತೆಗೆದುಕೊಂಡು ಒಳಗೆ ಹೋದರು, ಬಾಗಿಲು ಮುಚ್ಚಿತು. ಬಾಗಿಲಿನ ಮೇಲೆ ಮೊಲದ ಚಿತ್ರವಿತ್ತು. ಮೊಲದ ಒಂದು ಕಿವಿಯ ಬಣ್ಣ ಉದುರಿತ್ತು. ಆ ಕಿವಿಯನ್ನು ಅಂದು ನಾನು ಎಷ್ಟು ನೋಡಿದೆನೆಂದರೆ ಇಂದಿಗೂ ಕಾಗದ ಕೊಟ್ಟರೆ ಬರೆದು ತೋರಿಸಬಲ್ಲೆ. ಬ್ಯಾಡಗಿಯಿಂದ ಗಂಡ, ಅತ್ತೆ ಬಂದು ಮುಟ್ಟಿದರು. ಡಾಕ್ಟರು ಹೊರಬಂದವರೇ, "ರಕ್ತದಾಗ ನಂಜು ಏರೈತ್ರಿ. ಔಷಧ ಶುರು ಮಾಡೇನಿ. ಈಗ ಏನೂ ಹೇಳಾಕ ಆಗೂದಿಲ್ಲ," ಎಂದರು. ಅಷ್ಟು ಹೇಳಿ ಹಿಂದಿರುಗುತ್ತಿದ್ದವರು ನನ್ನನ್ನು ನೋಡಿ ನಿಂತರು. ಬೆಂಚಿನ ಮೇಲೆ ಕೂತ ನಾನು ನಡುಗುತ್ತಿದ್ದೆ, ಬೆಂಚೂ ನಡುಗುತ್ತಿತ್ತು.

"ತಾಯಿಗೆ ಯಾವಾಗಿಂದ ಜ್ವರ?"

"ಹಾಲಿನ ಜ್ವರ ರೀ," ಎಂದಳು ಅವ್ವ.

ಅವರು ನನ್ನ ಮಣಿಕಟ್ಟು ಹಿಡಿದರು, ಹೊಟ್ಟೆ ಎಲ್ಲಿ ನೋಯುತ್ತದೆ ಎಂದು ಕೇಳಿದರು. "ಇದು ಹಾಲಿಂದಲ್ಲವ್ವಾ. ಈಕೀಗೂ ನಂಜು ಏರಾಕತ್ತೈತಿ. ಈಕಿನ್ನ ಇಲ್ಲಿ ಇಟಗೊಳ್ಳಾಕ ಬರೂದಿಲ್ಲ. ಹೆಣ್ಣಮಕ್ಕಳ ಆಸ್ಪತ್ರೆಗೆ ಒಯ್ಯಿರಿ, ಈಗಿಂದೀಗ."

ಹೀಗೆ ಒಂದೇ ಊರಿನಲ್ಲಿ, ಬಸ್ ನಿಲ್ದಾಣದ ಆಚೆಗೊಬ್ಬರು ಈಚೆಗೊಬ್ಬರು ಆದೆವು. ಅವನ ಬಳಿ ಅತ್ತೆ, ನನ್ನ ಬಳಿ ಅವ್ವ. ನಡುವೆ ಗಂಡನ ಸ್ಕೂಟರು. ಹೊರಡುವಾಗ ಒಮ್ಮೆ ಅವನನ್ನು ತೋರಿಸಿ ಎಂದೆ. ಮೆಲ್ಲಗೆ ಅಂದೆ. ಯಾರಿಗೂ ಕೇಳಿಸಲಿಲ್ಲವೋ, ಕೇಳಿಸಿಯೂ ಹೊತ್ತಿರಲಿಲ್ಲವೋ. ಕಾನ್ವೆಂಟಿನಲ್ಲಿ ಕಲಿತ ಆ ಮೆಲುದನಿಯನ್ನು ನಾನು ಬದುಕಿನಲ್ಲಿ ಶಪಿಸಿದ್ದು ಅದೊಂದೇ ಸಲ.

ಹೆಂಗಸರ ಆಸ್ಪತ್ರೆಯ ದಿನಗಳು ನನಗೆ ಸರದಿಯಾಗಿ ನೆನಪಿಲ್ಲ. ಚಳಿ ಬರುತ್ತಿತ್ತು, ಮಂಚದ ಕಬ್ಬಿಣ ಗೋಡೆಗೆ ಬಡಿಯುತ್ತಿತ್ತು. ಆಮೇಲೆ ಬೆಂಕಿಯಂಥ ಜ್ವರ. ಬೆವರಿ ಸೀರೆ ತೊಯ್ದು, ಅವ್ವ ಬದಲಿಸಿ, ಅದು ಒಣಗುವಷ್ಟರಲ್ಲಿ ಮತ್ತೆ ಚಳಿ. ಕೈಗೆ ಸದಾ ಸಲಾಯಿನ್ನಿನ ಸೂಜಿ. ಹೊಟ್ಟೆಯ ಕೆಳಗೆ ಕಲ್ಲಿಟ್ಟಂಥ ನೋವು. ಲೇಡಿ ಡಾಕ್ಟರು ಬಂದು ಅವ್ವನನ್ನು ಹೊರಗೆ ಕರೆದು ಮಾತಾಡುತ್ತಿದ್ದರು. ಬಾಗಿಲ ಕೆಳಗಿನ ಸಂದಿಯಿಂದ ಅವ್ವನ ಪಾದ ಕಾಣುತ್ತಿತ್ತು. ಒಮ್ಮೆ ಆ ಪಾದಗಳು ಒಂದರ ಮೇಲೊಂದು ಏರಿ ನಿಂತವು. ಅವ್ವನಿಗೆ ತಡೆಯಲಾಗದ ಅಂಜಿಕೆಯಾದಾಗ ಹಾಗೆ ನಿಲ್ಲುತ್ತಾಳೆ. ಅವರು ಮಾತಾಡುತ್ತಿದ್ದದ್ದು ನನ್ನ ಬಗ್ಗೆ ಎಂದು ಆಗ ಗೊತ್ತಾಯಿತು. ನಾನು ಸಾಯಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಅದು ದೊಡ್ಡದೆನಿಸಲಿಲ್ಲ. ನಾನು ಸತ್ತರೆ ಕೂಸಿನ ಸುದ್ದಿ ನನಗೆ ಯಾರು ಹೇಳುತ್ತಾರೆ ಎಂದು ಯೋಚಿಸಿದೆ. ಜ್ವರದ ತಲೆ ಹಾಗೇ ಓಡುತ್ತದೆ.

ಪಕ್ಕದ ಮಂಚದಲ್ಲಿ ಐರಣಿ ಎಂಬ ಹಳ್ಳಿಯವಳೊಬ್ಬಳು ಆಪರೇಶನ್ ಆಗಿ ಮಲಗಿದ್ದಳು. ಅವಳ ತಾಯಿ ಫಕ್ಕೀರವ್ವ ಜೊತೆಗಿದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ನನಗೆ ಮೊದಲ ಸಲ ಚಳಿ ಬಂದಾಗ ಆಸ್ಪತ್ರೆಯ ತೆಳ್ಳನೆಯ ಚಾದರ ಸಾಲದೆ ಅವ್ವ ತನ್ನ ಸೆರಗನ್ನೇ ಹೊದಿಸಹೊರಟಿದ್ದಳು. ಫಕ್ಕೀರವ್ವ ತನ್ನ ಕರಿ ಕಂಬಳಿ ತೆಗೆದು ನನ್ನ ಮೇಲೆ ಹಾಕಿ, ಅದರ ಮೇಲೆ ತನ್ನ ಎರಡೂ ಕೈಯಿಟ್ಟು ನಡುಕ ಇಳಿಯುವವರೆಗೆ ಒತ್ತಿ ಹಿಡಿದಳು. ಕಂಬಳಿ ಚುಚ್ಚುತ್ತಿತ್ತು, ಕುರಿಯ ವಾಸನೆ. "ನಡಗ, ನಡಗ. ಮಂಚ ಮುರದ್ರ ಅವರ್ದ ಮುರೀತೈತಿ, ನಂದೇನ ಹೋಗತೈತಿ," ಎಂದಳು. ನಡುಗುತ್ತಲೇ ನನಗೆ ನಗು ಬಂತು. "ಥ್ಯಾಂಕ್ಯೂ" ಎಂದೆ. "ಅದೇನವಾ ಅದು, ಹಂಗಂದ್ರ?" ಎಂದು ಅವ್ವನನ್ನು ಕೇಳಿದಳು.

ಆ ವಾರ್ಡಿನಲ್ಲಿ ಉಳಿದವರ ಕೂಸುಗಳು ಅಳುತ್ತಿದ್ದವು. ಅಳು ಕೇಳಿದೊಡನೆ ನನ್ನ ಮೈಗೆ ಯಾರ ಕೂಸೆಂಬುದು ತಿಳಿಯದೆ ಹಾಲು ಚಿಮ್ಮುತ್ತಿತ್ತು, ಕುಪ್ಪಸ ತೊಯ್ಯುತ್ತಿತ್ತು. ನನ್ನ ಮಗನಿಗೆ ಬಾಯಿಂದ ಏನೂ ಕೊಡಬಾರದೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಹಾಲು ಕಟ್ಟಿಕೊಂಡರೆ ಮತ್ತೊಂದು ನೋವೆಂದು ಅವ್ವ ಒಂದು ಬಟ್ಟಲಿಗೆ ಹಿಂಡಿ ತೆಗೆಯುತ್ತಿದ್ದಳು. ತಾಯಿಯ ಹಾಲನ್ನು ತುಳಿಯುವಲ್ಲಿ ಚೆಲ್ಲಬಾರದು. ಅವ್ವ ಅದನ್ನು ಹಿತ್ತಲಿನ ಪೇರಲ ಗಿಡದ ಬುಡಕ್ಕೆ ಹಾಕಿ ಬರುತ್ತಿದ್ದಳು. ಕಿಟಕಿಯಿಂದ ಆ ಗಿಡ ಕಾಣುತ್ತಿತ್ತು.

"ಆ ಗಿಡಾ ನೋಡವ್ವಾ," ಎಂದಳು ಫಕ್ಕೀರವ್ವ ಒಂದು ದಿನ, "ಇಷ್ಟ ಹಾಲ ಕುಡದು, ನಾಳೆ ನಿನಗ 'ಅವ್ವಾ' ಅಂತ ಒದರತೈತಿ." ನಾನು ಗೋಡೆಯ ಕಡೆ ತಿರುಗಿದೆ. ತಪ್ಪಾಯಿತೆಂದು ಅವಳಿಗೆ ತಿಳಿಯಿತು. ಎದ್ದು ಬಂದು ನನ್ನ ತಲೆಯ ಸಿಕ್ಕು ಬಿಡಿಸುತ್ತ ಕೂತಳು.

ಅತ್ತೆ ಮಕ್ಕಳ ಆಸ್ಪತ್ರೆಯಲ್ಲಿ ದೃಷ್ಟಿ ತೆಗೆಯಲು ಹೋಗಿ ಬೈಸಿಕೊಂಡ ಕಥೆಯನ್ನು ಗಂಡ ನನ್ನನ್ನು ನಗಿಸಲೆಂದೇ ಹೇಳಿದರು. ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಘಾಟು ಬಾರದಿದ್ದರೆ ದೃಷ್ಟಿ ಭಾರಿ ಇದೆ ಎಂದು ಅರ್ಥ. "ನಾ ಅಂದೆ, ಅವ್ವಾ, ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ? ಅದನ್ನ ಸುಟ್ರ ಊರ ಮಂದಿಗೆಲ್ಲಾ ದೃಷ್ಟಿ ಆಗೈತಿ ಅಂತಾನ ಬರತೈತಿ. ಗುಂಟೂರ ಕಾಯಿ ತರಸೂಣು ಅಂದೆ." ಹೇಳಿ ತಾವೇ ನಕ್ಕರು. ನಾನು ಅವರ ನಗುವನ್ನಲ್ಲ, ನಕ್ಕ ಮೇಲೆ ಮುಖ ಎಷ್ಟು ಬೇಗ ಇಳಿಯಿತು ಎಂಬುದನ್ನು ನೋಡುತ್ತಿದ್ದೆ.

ಏಕೆಂದರೆ ಅಷ್ಟು ಹೊತ್ತಿಗೆ ನನಗೆ ಒಂದು ಸಂಶಯ ಹೊಕ್ಕಿತ್ತು. ಇವರೆಲ್ಲ ನನಗೆ ಸುಳ್ಳು ಹೇಳುತ್ತಿದ್ದಾರೆ. ಕೂಸು ಇಲ್ಲ. ನಾನು ಬದುಕಲೆಂದು ಮುಚ್ಚಿಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಹಾಗೆ ಮುಚ್ಚಿಡುವುದುಂಟು. ಆಮೇಲೆ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಸೂತಕದ ಗುರುತು ನೋಡುತ್ತಿದ್ದೆ. ಅವ್ವ ಕೂಸಿನ ಆಸ್ಪತ್ರೆಗೆ ಹೋಗಿ ಬಂದಾಗ ಮುಡಿಯಲ್ಲಿ ಹೂ ಇದೆಯೇ? ಅತ್ತೆ ನನ್ನನ್ನು ನೋಡಲು ಬಂದಾಗ ಬಾಳೆಹಣ್ಣು ತಿಂದರೇ? ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಒಂದೇ ಪ್ರಶ್ನೆ ಕೇಳುತ್ತಿದ್ದೆ.

"ಕೂಸಿನ ತಲಿಗೆ ಯಾವ ಕುಂಚಿಗಿ ಕಟ್ಟ್ಯಾರ?"

"ಹಳದೀದು, ನಾ ಹೊಲಿದದ್ದು," ಎಂದಳು ಅವ್ವ.

"ಕುಂಚಿಗಿ ಎಲ್ಲಿ ಬಂತು? ಬರೇ ಮೈಲೇ ಇಟ್ಟಾರ ಒಳಗ," ಎಂದರು ಗಂಡ.

ಒಬ್ಬರು ಒಂದು ಹೊತ್ತು ನೋಡಿದ್ದು, ಇನ್ನೊಬ್ಬರು ಇನ್ನೊಂದು ಹೊತ್ತು. ಇಬ್ಬರದೂ ಖರೆ ಇರಬಹುದಿತ್ತು. ನನಗೆ ಮಾತ್ರ ಎರಡು ಸುಳ್ಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಕೇಳಿಸಿತು. ಸಾಲೆಯಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆ ತಾನಾಗಿ ಬಾಯಿಗೆ ಬರುತ್ತಿತ್ತು. ಅದರ ಬಾಲಕ್ಕೆ "ಓಂ ನಮಃ ಶಿವಾಯ" ಅಂಟಿಕೊಳ್ಳುತ್ತಿತ್ತು. ಏನು ಗುಣುಗುಣು ಎನ್ನುತ್ತೀ ಎಂದು ಅವ್ವ ಕೇಳಿದಳು. ಹೇಳಿದೆ. "ಅನ್ನು, ಬಿಡಬ್ಯಾಡ. ಯಾವ ದೇವರಿಗೆ ಲಗೂ ಕೇಳಸ್ತೈತೋ ಯಾರಿಗೆ ಗೊತ್ತು," ಎಂದಳು.

ನನ್ನ ಜ್ವರ ಇಳಿಮುಖವಾಗಿತ್ತು. ಆದರೆ ಹಾಲೂ ಇಳಿಯತೊಡಗಿತ್ತು. ಬಟ್ಟಲಿನ ತಳ ಮುಚ್ಚಿದರೆ ಹೆಚ್ಚು. ಪೇರಲ ಗಿಡಕ್ಕೂ ಸಾಲದು. ಮೈಗೆ ನನಗಿಂತ ಮೊದಲು ಸುದ್ದಿ ಮುಟ್ಟಿದೆಯೇನೋ ಎಂದುಕೊಂಡೆ.

ಒಂದು ಮಧ್ಯಾಹ್ನ. ಅವ್ವ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ಹೊರಗೆ ಸ್ಕೂಟರು ನಿಂತ ಸದ್ದು. ಬಾಗಿಲಿನಲ್ಲಿ ಗಂಡ ಬಂದು ನಿಂತರು. ನನಗೆ ಸೀನು ಬರಲಿಲ್ಲ.

ಅದೇ ಮೊದಲು ತಿಳಿದದ್ದು. ಸುಗ್ಗಿ ನಡೆದಿತ್ತು, ಬೆಳಿಗ್ಗೆ ಬ್ಯಾಡಗಿಯ ಪೇಟೆಗೆ ಹೋಗಿ ಬರುತ್ತೇನೆಂದು ಹೋದವರು. ಘಾಟಿಲ್ಲ. ತಲೆ ತೊಯ್ದಿತ್ತು. ಬಾಚದ ಕೂದಲಿನಿಂದ ನೀರು ಕಿವಿಯ ಹಿಂದೆ ಇಳಿದು ಭುಜದ ಮೇಲೆ ಎರಡು ಒದ್ದೆ ಕಲೆ. ಅಂಗಿ ಬದಲಾಗಿತ್ತು, ಒಗೆದ ಬಿಳಿ ಅಂಗಿ. ಬರಿಗಾಲು. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲಲ್ಲೇ ನಿಂತಿದ್ದರು.

ನಾನು ಸಣ್ಣವಳಿದ್ದಾಗ ಕಾಕಾನ ಕೂಸೊಂದು ತೀರಿಕೊಂಡಿತ್ತು. ಗಂಡಸರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ನಡುಹಗಲಿನಲ್ಲಿ ತಲೆಗೆ ನೀರು ಹಾಕಿಕೊಂಡು ಬಂದು, ಹೀಗೇ ಹೊಸ್ತಿಲ ಹೊರಗೆ ಮಾತಿಲ್ಲದೆ ನಿಂತಿದ್ದರು. ಮಣ್ಣು ಕೊಟ್ಟು ಬಂದವರು ತಲೆ ತೊಯಿಸಿಕೊಳ್ಳದೆ ಮನೆ ಹೊಗುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ತೊಯ್ದ ಗಂಡಸಿನ ತಲೆಗೆ ನನಗೆ ಒಂದೇ ಅರ್ಥ ಗೊತ್ತಿತ್ತು.

ನಾನು ಚೀರಲಿಲ್ಲ. ಎದೆಯೊಳಗೆ ಯಾವುದೋ ಬಾವಿಗೆ ಕೊಡ ಬಿದ್ದು, ನೀರಿಗೆ ತಾಗಿದ ಸದ್ದು ಬರದೆ ಇನ್ನೂ ಬೀಳುತ್ತಲೇ ಇರುವ ಹಾಗಿತ್ತು.

"ಎಲ್ಲಿ ಮಣ್ಣ ಕೊಟ್ರಿ?" ಎಂದೆ.

ಅವರು ಬಗ್ಗಿದರು. "ಏನಂದಿ? ಕೇಳಸಲಿಲ್ಲ."

ಆಗ ನಾನು ಕೂಗಿದೆ. ಆ ವಾರ್ಡು, ಆಚೆಯ ವಾರ್ಡು, ಹಿತ್ತಲಿನ ಅವ್ವ, ಎಲ್ಲರಿಗೂ ಕೇಳುವಂತೆ ಕೂಗಿದೆ. "ನನ್ನ ಮಗಗ ಎಲ್ಲಿ ಮಣ್ಣ ಕೊಟ್ಟ ಬಂದ್ರೀ! ಒಂದ ಸಲ ನನಗ ಮುಖಾ ತೋರಸಬೇಕಿತ್ತಿಲ್ಲೋ!"

ಅವರ ಬಾಯಿ ತೆರೆದೇ ಉಳಿಯಿತು. ಕೈಯಲ್ಲಿದ್ದುದನ್ನು ಮುಂದೆ ಚಾಚಿದರು. ಬಿಳಿ ವಸ್ತ್ರದಲ್ಲಿ ಕಟ್ಟಿದ, ಮುಚ್ಚಳವಿದ್ದ ಸ್ಟೀಲಿನ ಸಣ್ಣ ಬಟ್ಟಲು. ಕುದಿಯುವ ನೀರಿನಲ್ಲಿ ತೊಳೆದು ತಂದದ್ದು, ವಸ್ತ್ರದಲ್ಲಿ ಇನ್ನೂ ಬಿಸಿಯಿತ್ತು.

"ಹಾಲ ಕೇಳ್ಯಾರ," ಎಂದರು.

"ಯಾರಿಗೆ?"

"ಯಾರಿಗಂದ್ರ? ಆಂವಗ. ಇವತ್ತಿಂದ ಒಂದೊಂದ ಹನಿ ಶುರು ಮಾಡ್ತಾರಂತ. ತಾಯೀದ ಬೇಕಂತ. ಲಗೂ ಕೊಡು, ಕಾಯಾಕತ್ತಾರ."

"ನಿಮ್ಮ ತಲಿ ಯಾಕ ತೊಯ್ದೈತಿ?"

ಅವರು ಕೈಯಿಂದ ತಲೆ ಮುಟ್ಟಿ ನೋಡಿಕೊಂಡರು, ಆಗಷ್ಟೇ ನೆನಪಾದವರ ಹಾಗೆ. "ಇವತ್ತ ಒಳಗ ಬಿಟ್ರು, ಮುಟ್ಟಿ ನೋಡ್ರಿ ಅಂತ. ಪೇಟಿಯಿಂದ ಸೀದಾ ಹೋಗಿದ್ದೆ. ಒಳಗ ಕಾಲಿಟ್ಟೆ, ಅಲ್ಲಿದ್ದ ನಾಕೂ ಕೂಸು ಸೀನಾಕ ಹತ್ತಿದ್ವು. ಸಿಸ್ಟರ್ ಬೈದು ಹೊರಗ ಹಾಕಿದ್ಲು. ಜಳಕಾ ಮಾಡಿ, ಅಂಗಿ ಬದಲಿ ಮಾಡಿ ಬರ್ರಿ, ಮೆಣಸಿನಕಾಯಿ ಚೀಲ ತಂದಂಗ ಬರ್ತೀರಿ ಅಂದ್ಲು. ನಮ್ಮವ್ವ ನಳದ ಕೆಳಗ ಕುಂದರ್ಸಿ ನೀರ ಹಾಕಿದ್ಲು. ಚಪ್ಪಲಿ ಅಲ್ಲೇ ಉಳದ್ವು."

ಹಿತ್ತಲಿನಿಂದ ಓಡಿ ಬಂದ ಅವ್ವ ಸೋಪಿನ ಕೈಯಲ್ಲೇ ನಿಂತಿದ್ದಳು. ಮೊದಲು ಮಾತಾಡಿದವಳು ಫಕ್ಕೀರವ್ವ. "ಎಲಾ ಗಂಡಸಾ! ಬಾಯಿ ಎಲ್ಲಿ ಮರತು ಬಂದಿಯೋ? ಹಸಿ ತಲಿಲೇ ಬಾಗಲದಾಗ ಕಂಬ ನಿಂತಂಗ ನಿಂತ್ರ ಹಡದಾಕಿ ಜೀವ ಉಳೀತೈತೇನ? 'ಕೂಸು ಛಲೋ ಐತಿ' ಅಂತ ಒದರಿಕೋತ ಬರಬೇಕು ಓಣಿಯಿಂದ!"

"ನಾಕೂ ಸೀನಿದ್ವು ಅಂದ್ರಿ," ಎಂದೆ ನಾನು. "ನಮ್ಮಾಂವನೂ ಸೀನಿದ್ನ?"

"ಎಲ್ಲಾರಗಿಂತ ಜೋರ," ಎಂದರು. ಆಮೇಲೆ ಹೊಸ್ತಿಲಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟರು.

ಬಟ್ಟಲಿಗೆ ಅಂದು ಬಂದ ಹಾಲು ಬಹಳ ಕಡಿಮೆ. ಅವ್ವ ಒಂದು ಕಡೆ, ಫಕ್ಕೀರವ್ವ ಬಿಸಿ ನೀರಿನ ಬಟ್ಟೆ ಹಿಡಿದು ಇನ್ನೊಂದು ಕಡೆ. "ಸಾಕವಾ, ಆ ಕೂಸಿನ ಹೊಟ್ಟಿ ಗುಬ್ಬಿ ಹೊಟ್ಟಿ," ಎಂದಳು ಅವಳು. ಗಂಡ ಬಟ್ಟಲನ್ನು ವಸ್ತ್ರದಲ್ಲಿ ಕಟ್ಟಿ ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಸ್ಕೂಟರು ಬಿಟ್ಟು ನಡೆದೇ ಹೋದರು. ತುಳುಕಬಾರದೆಂದು. ಕಿಟಕಿಯಿಂದ ನೋಡಿದೆ. ಎದುರು ಬಂದ ಎತ್ತಿನ ಗಾಡಿಗೆ ತಾವೇ ಒಂದು ಗಾಡಿಯೆಂಬಂತೆ ಕೈ ತೋರಿಸಿ ದಾರಿ ಬಿಡಿಸಿಕೊಂಡರು.

ಅಂಜಿಕೆ ಅಂದೇ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವನಿಗೆ ನಡುವೆ ಮತ್ತೆ ಜ್ವರ ಬಂತು, ಹಾಲು ನಿಲ್ಲಿಸಿದರು, ಬಟ್ಟಲು ಬರಲಿಲ್ಲ, ನಾನು ಗೋಡೆ ನೋಡಿದೆ. ಮತ್ತೆ ಬಂತು. ನನ್ನನ್ನು ಮನೆಗೆ ಕಳಿಸಿದ ದಿನ ನಾನು ಮನೆಗೆ ಹೋಗದೆ ಮೊಲದ ಚಿತ್ರದ ಬಾಗಿಲಿಗೆ ಹೋದೆ. ಅವನನ್ನು ನನ್ನ ಕೈಯಲ್ಲಿಟ್ಟಾಗ ಗುರುತು ಸಿಗಲಿಲ್ಲ. ಮುಖ ಬತ್ತಿ ಮುದುಕನಂತಾಗಿತ್ತು. ಕೈಕಾಲುಗಳಲ್ಲಿ ಸೂಜಿಯ ನೀಲಿ ಚುಕ್ಕೆ. ತಲೆಯ ಬಲಗಡೆ ಸೂಜಿ ಹಾಕಲೆಂದು ಕೂದಲು ಬೋಳಿಸಿದ ಒಂದು ತುಂಡು ಜಾಗ. "ಜವಳ ಆಗದ ತಲಿಗೆ ಕತ್ತಿ ಹಚ್ಚ್ಯಾರ ನೋಡ," ಎಂದು ಅತ್ತೆ ಅದನ್ನೇ ಹಿಡಿದುಕೊಂಡು ಅತ್ತರು. ದೇವರ ಮುಂದೆ ತೆಗೆಸಬೇಕಾದ ಮೊದಲ ಕೂದಲು ಆಸ್ಪತ್ರೆಯ ಕಸದ ಡಬ್ಬಿಗೆ ಹೋಗಿತ್ತು. ಅಷ್ಟು ದಿನ ಬಿಗಿಹಿಡಿದ ಅಳುವಿಗೆ ಅತ್ತೆಗೂ ಒಂದು ನೆಪ ಬೇಕಿತ್ತೇನೋ. ನಾನು ಅವನ ಪಾದ ಹಿಡಿದುಕೊಂಡೆ. ಬೆಚ್ಚಗಿತ್ತು. ಆಗ ಮೂಗು ನೋಡಿದೆ. ನನ್ನದೇ ಮೂಗು.

ಆಮೇಲೆಯೂ ಬಹಳ ತಿಂಗಳು ಅವನ ಬೆನ್ನ ಹಿಂದೆ ನಿಂತು ತಾಟಿಗೆ ಚಮಚ ಬಡಿಯುತ್ತಿದ್ದೆ, ಆ ನಂಜು, ಔಷಧಗಳಿಂದ ಕಿವಿ ಹೋಗಿದೆಯೇನೋ, ಕೇಳುತ್ತದೆಯೇ ಎಂದು. ಅವನು ತಿರುಗಿ ನೋಡುತ್ತಿದ್ದ. ನಾಳೆ ತಿರುಗದಿದ್ದರೆ ಎಂದು ಮತ್ತೆ ಬಡಿಯುತ್ತಿದ್ದೆ.

ಅವ್ವ ಆ ಕೆಂಡದ ಬೋಗುಣಿಗಳನ್ನು ಮತ್ತೆ ಒಳಗೆ ತರಲಿಲ್ಲ. "ನಾನ ಬೆಂಕಿ ಹಾಕಿ ಹಾಕಿ ಕೂಸಿನ ಜಡ್ಡ ಮುಚ್ಚಿದೆನೇನ?" ಎಂದು ಒಮ್ಮೆ ಕೇಳಿದಳು. ಆ ಕೆಂಡದ ಕಾವು ಪ್ರೀತಿಯೇ ಆಗಿತ್ತು. ಅದೇ ಕಾವಿನೊಳಗೆ ಅವನು ತಣ್ಣಗಾಗುತ್ತಿದ್ದುದು ಯಾರಿಗೂ ಕಾಣಲಿಲ್ಲ. ಎರಡೂ ನಿಜ. ಅದಕ್ಕೇ ಹಿಂದಿನ ಮನೆಯ ಹುಡುಗಿಗೆ ಇಷ್ಟೇ ಹೇಳುತ್ತೇನೆ: ತಂಗೀ, ಅಂಜಿಕೆ ಎಲ್ಲರಿಗೂ ಆಗುತ್ತದೆ, ನಾಚಬೇಡ. ಕೂಸನ್ನು ಕೆಂಡದಿಂದ ದೂರ ಎತ್ತಿಕೊಂಡು ಪಾದ ಮುಟ್ಟಿ ನೋಡು. ನಿನ್ನ ಜ್ವರವನ್ನು ಯಾರೇ ಏನೆಂದು ಕರೆದರೂ ಡಾಕ್ಟರ ಬಾಯಿಂದ ಕೇಳು. ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸದಿದ್ದರೆ ಜೋರಾಗಿ ಕೂಗು.

ಈಗ ಅವನು ಸಾಲೆಗೆ ಹೋಗುತ್ತಾನೆ. ಸುಗ್ಗಿಯಲ್ಲಿ ರಜೆ ಬಂದರೆ ಅಪ್ಪನ ಜೊತೆ ಪೇಟೆಗೆ ಹೋಗಿ ಮೆಣಸಿನಕಾಯಿ ರಾಶಿಗಳ ನಡುವೆ ಓಡಾಡಿ ಬರುತ್ತಾನೆ. ಮನೆ ಹೊಗುವ ಮೊದಲು ಇಬ್ಬರೂ ಹಿತ್ತಲಿನ ನಳದ ಕೆಳಗೆ ಕೂತು ತಲೆಗೆ ನೀರು ಹಾಕಿಕೊಳ್ಳಬೇಕೆಂಬುದು ನಮ್ಮ ಮನೆಯ ಕಾಯಿದೆ. ಮಾಡಿದವರು ಅವನ ಅಪ್ಪನೇ. ನಡುಹಗಲಿನಲ್ಲಿ, ತೊಟ್ಟಿಕ್ಕುವ ತಲೆಯಲ್ಲಿ ಅಪ್ಪ ಮಗ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರು ಬರುವುದು ನನಗೆ ಗೊತ್ತಿರುತ್ತದೆ, ನಳದ ಸದ್ದು ಕೇಳಿರುತ್ತದೆ. ಆದರೂ ಪ್ರತಿ ಸಲ ಕೈಯಲ್ಲಿಯ ಸೌಟು ಒಂದು ಗಳಿಗೆ ನಿಲ್ಲುತ್ತದೆ.

"ಕೂಸು ಛಲೋ ಐತಿ," ಎನ್ನುತ್ತಾರೆ ಗಂಡ ಹೊಸ್ತಿಲ ಹೊರಗಿನಿಂದಲೇ. ಪ್ರತಿ ಸಲವೂ, ತಪ್ಪದೆ.

"ಯಾರ ಕೂಸು? ನಾ ಏನ ಕೂಸನ?" ಎನ್ನುತ್ತಾನೆ ಮಗ.

"ಬಾ ಇಲ್ಲಿ, ತಲಿ ಒರಸ್ತೇನಿ," ಎಂದು ಟವೆಲ್ ತೆಗೆದುಕೊಳ್ಳುತ್ತೇನೆ. ದಟ್ಟ ಕೂದಲು, ಎಲ್ಲ ಕಡೆ ಒಂದೇ ಸಮ. ಆದರೂ ಬಲಗಡೆಯ ಆ ಜಾಗ ನನ್ನ ಬೆರಳಿಗೆ ಗೊತ್ತು. ಅಲ್ಲಿ ಒರೆಸುತ್ತಲೇ ಇರುತ್ತೇನೆ. ಟವೆಲಿನೊಳಗಿನಿಂದ ಅವನು, "ಆತಲ್ಲ ಬೇ, ಒಣಗೇತಿ, ಬಿಡು," ಎಂದು ಒದರುತ್ತಾನೆ.

ಇನ್ನೂ ಸ್ವಲ್ಪ ಒದ್ದೆ ಇದೆ ಎನ್ನುತ್ತೇನೆ ನಾನು.